ಥಾಯ್ ಪುಸ್ತಕ ಎಲ್ಲಿ ಅಚ್ಚಾಯ್ತು ಅಂತ ಮನೆ ಗ್ರೂಪಲ್ಲಿ ಜಗಳ

ದೊಡ್ಡಪ್ಪ: (ಫಾರ್ವರ್ಡ್) ಪ್ರತಿಯೊಬ್ಬ ಭಾರತೀಯನೂ ಹೆಮ್ಮೆ ಪಡಲೇಬೇಕು!! ಥಾಯ್ ಭಾಷೆಯ ಮೊದಲ ಪುಸ್ತಕ ಅಚ್ಚಾಗಿದ್ದು ಬ್ಯಾಂಕಾಕಲ್ಲಲ್ಲ, ನಮ್ಮ ಬಂಗಾಳದ ಶ್ರೀರಾಮಪುರದಲ್ಲಿ, 1819ರಲ್ಲಿ! ಅವರಿಗೆ ಅಕ್ಷರ ಕಲಿಸಿದ್ದೇ ನಾವು. ಹತ್ತು ಜನಕ್ಕೆ ಕಳಿಸಿ 🙏

ಚಿಕ್ಕಮ್ಮ: 🙏🙏🙏

ಸುಧಿ: ಸೋರ್ಸ್ ಎಲ್ಲಿ ದೊಡ್ಡಪ್ಪ?

ದೊಡ್ಡಪ್ಪ: ರಿಟೈರ್ಡ್ ಪ್ರಿನ್ಸಿಪಾಲ್ ಕಳಿಸಿದ್ದು. ಅವರು ನಿನ್ ಥರ ಗೂಗಲ್ ನೋಡ್ಕೊಂಡು ಮಾತಾಡೋರಲ್ಲ.

ಸುಧಿ: 1819 ಸರೀನೇ ಇದೆ, ಆದ್ರೆ ಮಾಡಿದ್ದು ಯಾರು ಅನ್ನೋದನ್ನೇ ಬಿಟ್ಟಿದಾರೆ. ಬರ್ಮಾದ ರಂಗೂನಲ್ಲಿದ್ದ ಅಮೆರಿಕನ್ ಮಿಷನರಿ ಆನ್ ಜಡ್ಸನ್, ಅಲ್ಲಿದ್ದ ಸಯಾಮಿನವರ (ಅಂದ್ರೆ ಈಗಿನ ಥಾಯ್ಲೆಂಡಿನವರ) ಹತ್ರ ಭಾಷೆ ಕಲ್ತು ಕ್ರೈಸ್ತ ಪ್ರಶ್ನೋತ್ತರ ಪುಸ್ತಕ ಒಂದನ್ನ ಥಾಯ್‌ಗೆ ತಂದ್ರು, ಅದನ್ನ ಸೆರಾಂಪೋರ್ (ಅದೇ ಶ್ರೀರಾಮಪುರ) ಮಿಷನ್ ಪ್ರೆಸ್ ಅಚ್ಚು ಹಾಕ್ತು. ಒಂದು ಪ್ರತೀನೂ ಉಳಿದಿಲ್ಲ. ಕಣ್ಣಲ್ಲಿ ನೋಡೋಕೆ ಸಿಗೋದು 1828ರಲ್ಲಿ ಕಲ್ಕತ್ತಾದಲ್ಲಿ ಅಚ್ಚಾದ ಜೇಮ್ಸ್ ಲೋ ಅವರ ಥಾಯ್ ವ್ಯಾಕರಣ. ಅಕ್ಷರ ನಾವು ಕಲಿಸಿದ್ದು ಅನ್ನೋದು ಎಲ್ಲಿಂದ ಬಂತು?

ದೊಡ್ಡಪ್ಪ: ಅವರ ಲಿಪಿಯ ಮೂಲ ನಮ್ಮ ದಕ್ಷಿಣ ಭಾರತದ ಪಲ್ಲವ ಲಿಪಿ ತಾನೇ? ದೊಡ್ಡೋರ ಮಾತಲ್ಲಿ ತಪ್ಪು ಹುಡುಕೋ ಚಟ ಬಿಡು. ಗೃಹಪ್ರವೇಶದ ದಿನಾನೂ ಪುರೋಹಿತರ ಹತ್ರ ಹೀಗೇ ವಾದಕ್ಕಿಳಿದಿದ್ದೆ.

ಸುಧಿ: ಪಲ್ಲವದಿಂದ ಕಾಂಬೋಡಿಯಾದ ಖಮೇರ್ ಲಿಪಿ, ಅಲ್ಲಿಂದ ಥಾಯ್, ಒಪ್ಪಿದೆ. ಅದಕ್ಕೂ 1819ಕ್ಕೂ ಎಷ್ಟು ಶತಮಾನ ಗ್ಯಾಪ್ ಇದೆ ನೋಡಿ. ಗೃಹಪ್ರವೇಶ ಯಾಕೆ ತರ್ತೀರಾ ಇಲ್ಲಿ?

ಮಂಜಣ್ಣ: ಪ್ರೆಸ್ ಅಂದ್ ತಕ್ಷಣ ತಾತನ ಟ್ರೆಡಲ್ ಮುದ್ರಣ ಮಷೀನ್ ಜ್ಞಾಪಕ ಬಂತು ಕಣ್ರೋ, ಸಂಜೆ ಹೊತ್ತು ಅಚ್ಚಿನ ಮೊಳೆ ಎಲ್ಲಾ ಸೀಮೆಎಣ್ಣೇಲಿ ತೊಳೆದು ಖಾನೆಗೆ ವಾಪಸ್ ಹಾಕೋ ಕೆಲಸ ನಮ್ದು, ಒತ್ತಕ್ಷರದ ಖಾನೆ ಕಲಸಿಬಿಟ್ರೆ ತಾತ ಊಟಕ್ಕೇ ಕರೀತಿರಲಿಲ್ಲ, ಮದುವೆ ಸೀಸನ್ ಬಂದ್ರೆ ರಾತ್ರಿಯೆಲ್ಲಾ ಲಗ್ನಪತ್ರಿಕೆ.

ಚಿಕ್ಕಮ್ಮ: ಆ ಮಷೀನ್ ಗುಜರಿಗೆ ಹಾಕಿದ್ದು ಯಾರು ಅಂತ ಎಲ್ರಿಗೂ ಗೊತ್ತು.

ದೊಡ್ಡಪ್ಪ: ಯಾರನ್ನ ಅಂತಿದೀಯ?

ಬ್ಯಾಂಕಾಕ್ ಅಕ್ಕ: ಈಗ ನೋಡಿದೆ. ಇಲ್ಲಿ ಮುದ್ರಣ ಅಂದ್ರೆ ಎಲ್ರೂ ಹೇಳೋ ಹೆಸರು ಅಮೆರಿಕನ್ ಮಿಷನರಿ ಡಾಕ್ಟರ್ ಬ್ರಾಡ್ಲಿ, 1835ರಲ್ಲಿ ಸಿಂಗಾಪುರದಿಂದ ಪ್ರೆಸ್ ಸಮೇತ ಬಂದೋರು. 1839ರಲ್ಲಿ ಇಲ್ಲಿನ ರಾಜ ಮೂರನೇ ರಾಮ ಅಫೀಮು ನಿಷೇಧದ ಆಜ್ಞೆಯ 9,000 ಪ್ರತಿ ಮಾಡಿಸಿದ್ದು ಅವರ ಪ್ರೆಸ್ಸಲ್ಲೇ, ಅಲ್ಲೀವರೆಗೂ ಸರ್ಕಾರದ ಕಾಗದ ಎಲ್ಲಾ ಕೈಬರಹ. 1844ರ ಜುಲೈ 4ಕ್ಕೆ ಬ್ಯಾಂಕಾಕ್ ರೆಕಾರ್ಡರ್ ಪತ್ರಿಕೆ ಶುರು ಮಾಡಿದ್ರು, ನಮ್ಮ ಮಂಗಳೂರ ಸಮಾಚಾರ ಬಂದ ಮುಂದಿನ ವರ್ಷ. 1861ರಲ್ಲಿ ಲಂಡನ್ ಪ್ರವಾಸದ ಪದ್ಯ ಒಂದನ್ನ ಅಚ್ಚು ಹಾಕೋ ಹಕ್ಕಿಗಾಗಿ ಕವಿಗೆ 400 ಬಾತ್ ಕೊಟ್ರು. ಆಮೇಲೆ ಸುಧಿ, 1796ರಲ್ಲೇ ಇಲ್ಲಿ ಸಾಂತಾ ಕ್ರೂಸ್ ಚರ್ಚಲ್ಲಿ ಥಾಯ್ ಪುಸ್ತಕ ಅಚ್ಚಾಗಿದೆ, ರೋಮನ್ ಅಕ್ಷರದಲ್ಲಿ. ಮೊದಲ ಪುಸ್ತಕ ಅಂತ ಜಗಳ ಆಡೋದಾದ್ರೆ ಅದೂ ಲೆಕ್ಕಕ್ಕೆ ಬರಬೇಕು.

ಸುಧಿ: ಇದೇ ನಂಗೆ ಬೇಕಿದ್ದು!

ದೊಡ್ಡಪ್ಪ: ಅವಳು ಹೇಳಿದ್ರೆ ಮಾತ್ರ ಸರಿ.

ಸುಧಿ: ಹಾಗಲ್ಲ ದೊಡ್ಡಪ್ಪ, ಹೆಮ್ಮೆ ಪಡೋಕೆ ನಿಜಾನೇ ಸಾಕು. ಆ ಸೆರಾಂಪೋರ್ ಮಿಷನ್ನಿನ ವಿಲಿಯಂ ಕೇರಿ ಬರೆದ ಕನ್ನಡ ವ್ಯಾಕರಣ ಅಚ್ಚಾಗಿದ್ದೂ ಅದೇ ಸೆರಾಂಪೋರಲ್ಲಿ, 1817ರಲ್ಲಿ. ಎರಡೇ ವರ್ಷದ ಅಂತರದಲ್ಲಿ ಒಂದೇ ಪ್ರೆಸ್ಸಲ್ಲಿ ಕನ್ನಡ, ಥಾಯ್ ಎರಡೂ! ಫಾರ್ವರ್ಡಲ್ಲಿ ಇದನ್ನ ಯಾಕೆ ಹಾಕಲ್ಲ?

ಮಂಜಣ್ಣ: ಕೇರಿ ಅಂದ್ರೆ ನಮ್ಮ ಮೇಲಿನಕೇರಿ ಮನೆ ಜ್ಞಾಪಕ ಬಂತು…

ಬ್ಯಾಂಕಾಕ್ ಅಕ್ಕ: ಇನ್ನೊಂದು ಹೇಳ್ಬೇಕಿತ್ತು. ಇಲ್ಲಿ ಯಾರಾದ್ರೂ ತೀರಿಕೊಂಡ್ರೆ ಮನೆಯವರು ಪುಸ್ತಕ ಮಾಡಿಸಿ ದಹನದ ದಿನ ಬಂದೋರಿಗೆ ಹಂಚ್ತಾರೆ. ತೀರಿಕೊಂಡೋರ ಜೀವನಚರಿತ್ರೆ, ಹಳೇ ಪದ್ಯ, ಧರ್ಮದ ಪಾಠ, ಅಡುಗೆ ರೆಸಿಪಿ ಕೂಡ ಇರತ್ತೆ, ಎಷ್ಟೋ ಹಳೇ ಸಾಹಿತ್ಯ ಉಳಿದಿದ್ದೇ ಇವುಗಳಿಂದ. ತಾತನ ವರ್ಷಾಬ್ದಿಕಕ್ಕೆ ಅವರ ಪದ್ಯಗಳನ್ನ ಹಾಗೆ ಅಚ್ಚು ಹಾಕಿಸೋಣ, ಖರ್ಚು ನಾನು ಕೊಡ್ತೀನಿ. ನೋಟ್‌ಬುಕ್ ಯಾರ ಹತ್ರ ಇದೆ?

ಚಿಕ್ಕಮ್ಮ: ದೊಡ್ಡಭಾವನವರ ಟ್ರಂಕಲ್ಲಿ. ಕೇಳಿ ಕೇಳಿ ಸಾಕಾಯ್ತು.

ದೊಡ್ಡಪ್ಪ: ಪಾಲು ಮಾಡುವಾಗ ಯಾರೂ ಅದನ್ನ ಕೇಳಲಿಲ್ಲ, ಎಲ್ರಿಗೂ ಸೈಟೇ ಬೇಕಿತ್ತು. ಒಬ್ಬನೇ ಜೋಪಾನ ಮಾಡಿದೀನಿ.

ಸುಧಿ: ಭಾನುವಾರ ಬರ್ತೀನಿ ದೊಡ್ಡಪ್ಪ, ಸ್ಕ್ಯಾನರ್ ತರ್ತೀನಿ. ನೋಟ್‌ಬುಕ್ ನಿಮ್ಮನೆ ಬಿಟ್ಟು ಆಚೆ ಹೋಗಲ್ಲ.

ದೊಡ್ಡಪ್ಪ: ಮಧ್ಯಾಹ್ನ ಮಲಗ್ತೀನಿ. ಹನ್ನೊಂದರ ಒಳಗೆ ಬಾ.