ನಿಂತ ಗಾಡಿಗಳ ಸಂದಿಯಲ್ಲಿ ಬೈಕ್: ಎಲ್ಲಿ ನುಗ್ಗಬಹುದು, ಎಲ್ಲಿ ಸುಮ್ಮನೆ ನಿಲ್ಲಬೇಕು?

ಕೈಮರ_ಸವಾರ (ಚಿಕ್ಕಮಗಳೂರು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಒಂದೇ, ಜಾಗ ಎರಡು. ಸಂಜೆ ಹೊತ್ತು ಐ.ಜಿ. ರೋಡ್, ಹನುಮಂತಪ್ಪ ಸರ್ಕಲ್ ಕಡೆ ಗಾಡಿಗಳು ನಿಂತುಬಿಟ್ಟಾಗ ಒಂದು. ಶನಿವಾರ, ಭಾನುವಾರ ಕೈಮರ ಚೆಕ್‌ಪೋಸ್ಟ್ ದಾಟಿ ಮುಳ್ಳಯ್ಯನಗಿರಿ ಹಾದಿಯಲ್ಲಿ ಟೂರಿಸ್ಟ್ ಕಾರುಗಳ ಸಾಲು ಅಲ್ಲಾಡದೆ ನಿಂತಾಗ ಇನ್ನೊಂದು. ಬೈಕ್ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ಹಿಂದೆ ಒಬ್ಬರು ಕೂತಿರ್ತಾರೆ, ಎರಡೂ ಕಡೆ ಸ್ಯಾಡಲ್ ಬ್ಯಾಗ್.

ಸಾಲಿನ ಎಡಗಡೆ ಹೋಗಬೇಕೋ ಬಲಗಡೆಯೋ? ಎಷ್ಟು ಸಂದಿ ಇದ್ದರೆ ಸಾಕು? ಎಷ್ಟು ಸ್ಪೀಡು? ಕಾನೂನು ಏನನ್ನುತ್ತೆ? "ಹುಷಾರಾಗಿ ಹೋಗಿ" ಅನ್ನೋ ಉತ್ತರ ಮನೇಲೇ ಸಿಗುತ್ತೆ, ಲೆಕ್ಕ ಗೊತ್ತಿದ್ದವರು ಹೇಳಿ.

ಅರೆಕ್ಲಚ್:

ಮೊದಲು ಟೇಪ್ ಹಿಡೀರಿ. ಕ್ಲಾಸಿಕ್ 350ಕ್ಕೆ ಕಂಪನಿ ಹೇಳೋ ಅಗಲ 785 ಮಿ.ಮೀ., ಸ್ಪ್ಲೆಂಡರ್‌ಗೆ 720. ಆ ಅಂಕಿ ಕನ್ನಡಿ ಬಿಟ್ಟು. ಕನ್ನಡಿ ತುದಿಯಿಂದ ತುದಿಗೆ ಒಂದು ಸಲ, ತುಂಬಿದ ಸ್ಯಾಡಲ್ ಬ್ಯಾಗ್‌ಗಳ ಹೊರ ಅಂಚಿನಿಂದ ಅಂಚಿಗೆ ಒಂದು ಸಲ ಅಳೆಯಿರಿ. ಎರಡರಲ್ಲಿ ದೊಡ್ಡದು ಯಾವುದೋ ಅದೇ ನಿಮ್ಮ ಗಾಡಿಯ ಅಗಲ. ಬ್ಯಾಗ್ ವಿಷಯ ಜನ ಮರೀತಾರೆ. ಹ್ಯಾಂಡಲ್ ಪಾಸ್ ಆಯ್ತಲ್ಲ ಅಂತ ಎಕ್ಸಲೇಟರ್ ಕೊಡ್ತಾರೆ, ಎಡಗಡೆ ಬ್ಯಾಗ್ ಯಾವುದೋ ಬಂಪರ್ ಮೂಲೆಗೆ ಕಚ್ಚಿಕೊಳ್ಳುತ್ತೆ, ಹಿಂದಿನ ಭಾಗ ಅಲ್ಲೇ ಸಿಕ್ಕಿಕೊಂಡು ಮುಂದಿನ ಚಕ್ರ ನೇರ ಆ ಕಾರಿನ ಕಡೆಗೇ ತಿರುಗುತ್ತೆ. ಹಿಂದೆ ಕೂತವರ ಮೊಣಕಾಲು ಅಷ್ಟೊತ್ತಿಗೆ ಕಾರಿನ ಬಾಗಿಲಿಗೆ ತಗುಲಿರುತ್ತೆ.

ಆ ಅಗಲಕ್ಕೆ ಎರಡೂ ಪಕ್ಕ 30 ಸೆಂ.ಮೀ. ಸೇರಿಸಿ. ನಿಮ್ಮ ಗಾಡಿಗೆ ಹೆಚ್ಚುಕಮ್ಮಿ ಒಂದೂವರೆ ಮೀಟರ್ ಆಗುತ್ತೆ. ಅಷ್ಟು ಇಲ್ಲದ ಕಡೆ ನುಗ್ಗೋ ಮಾತೇ ಬೇಡ. ಇನ್ನೊಂದು ಸೂಕ್ಷ್ಮ: ಸಣ್ಣ ಕಾರಿನ ಕನ್ನಡಿ ಎಷ್ಟೋ ಸಲ ಬೈಕ್ ಹ್ಯಾಂಡಲ್‌ನ ಕೆಳಗೆ ಜಾರಿ ಹೋಗುತ್ತೆ. ಬೊಲೆರೊ, ಸ್ಕಾರ್ಪಿಯೊ, ಪಿಕಪ್‌ಗಳ ಕನ್ನಡಿ ಮಾತ್ರ ಸರಿಯಾಗಿ ನಿಮ್ಮ ಕನ್ನಡಿಯ ಎತ್ತರಕ್ಕೇ ಇರುತ್ತೆ. ನಾಲ್ಕು ಸ್ವಿಫ್ಟ್ ಪಕ್ಕ ಸಲೀಸಾಗಿ ದಾಟಿದ ಅಂದಾಜಲ್ಲೇ ಐದನೇದಕ್ಕೆ ಬೊಲೆರೊ ಪಕ್ಕ ಹೋದರೆ ಅಲ್ಲಿ ತಾಗುತ್ತೆ.

ಸ್ಪೀಡಿನ ಲೆಕ್ಕ. ಕಣ್ಣಿಗೆ ಕಂಡು ಕೈ ಬ್ರೇಕ್ ಹಿಡಿಯೋಕೆ ಒಂದು ಸೆಕೆಂಡ್ ಅಂತ ಇಟ್ಟುಕೊಳ್ಳಿ, ಒಣ ರಸ್ತೆಯಲ್ಲಿ ಸಾಧಾರಣ ಬ್ರೇಕ್. 30 ಕಿ.ಮೀ. ವೇಗದಲ್ಲಿ ಆ ಸೆಕೆಂಡಲ್ಲೇ 8 ಮೀಟರ್ ಮುಂದೆ ಹೋಗಿರ್ತೀರಿ, ಆಮೇಲೆ ನಿಲ್ಲೋಕೆ ಇನ್ನೂ 7. ಒಟ್ಟು 15 ಮೀಟರ್, ಅಂದ್ರೆ ಮೂರು ಕಾರು ದಾಟಿ ನಾಲ್ಕನೇದರ ಹತ್ತಿರ. 15 ಕಿ.ಮೀ.ನಲ್ಲಿ ಒಟ್ಟು 6 ಮೀಟರ್. 10ರಲ್ಲಿ ಮೂರೂವರೆ, ಒಂದು ಕಾರಿನ ಉದ್ದವೂ ಇಲ್ಲ. ಬಾಗಿಲು ತೆರೆಯೋದು ಪಕ್ಕದ ಕಾರಿನದ್ದೋ ಅದರ ಮುಂದಿನದ್ದೋ ಆಗಿರುತ್ತೆ, ಹಂಗಾಗಿ 10ರಿಂದ 15ರ ಒಳಗೆ ಇದ್ದರೆ ಮಾತ್ರ ಬ್ರೇಕಿಗೆ ಅರ್ಥ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 2014ರ ಜುಲೈಯಿಂದ ಇದನ್ನ ಕಾನೂನುಬದ್ಧ ಮಾಡಿ 30 ಕಿ.ಮೀ. ಮಿತಿ ಇಟ್ಟರು. ಅದು ಲೇನ್ ಬಿಟ್ಟು ಗಾಡಿ ಅಲ್ಲಾಡದ ಊರಿನ ಮಿತಿ. ಮಾರ್ಕೆಟ್ ರೋಡಿಗೆ ಅದನ್ನ ತರಬೇಡಿ.

ಎಡವೋ ಬಲವೋ? ನಮ್ಮ ಡ್ರೈವರ್ ಕೂರೋದು ಬಲಕ್ಕೆ, ಅವನಿಗೆ ಹತ್ತಿರದ ಕನ್ನಡಿ ಬಲಗಡೇದು, ನೋಡೋ ಅಭ್ಯಾಸವೂ ಅದನ್ನೇ. ಎಡಗಡೆಯಿಂದ ಬಂದವನು ಅವನ ಲೆಕ್ಕಕ್ಕೇ ಇಲ್ಲ. ಜೊತೆಗೆ ಐ.ಜಿ. ರೋಡಿನ ಎಡಬದಿ ಅಂದ್ರೆ ಆಟೋದಿಂದ ಇಳಿಯೋರು, ಅಂಗಡಿ ಮುಂದಿಂದ ರಿವರ್ಸ್ ತಳ್ಳೋ ಸ್ಕೂಟರ್, ಅಲ್ಲಾಡೋ ಚರಂಡಿ ಚಪ್ಪಡಿ. ಆದ್ದರಿಂದ ಸಾಲಿನ ಬಲಗಡೆ, ಅದೂ ಮಧ್ಯದ ಗೆರೆಗಿಂತ ಈಚೆಗೆ ನಿಮ್ಮ ಅರ್ಧದಲ್ಲೇ ಆ ಒಂದೂವರೆ ಮೀಟರ್ ಸಿಕ್ಕರೆ. ಗೆರೆ ದಾಟಿದಿರೋ, ಅದು ಎದುರಿನವರ ರಸ್ತೆ. ಆಮೇಲೆ ಅದಕ್ಕೆ ಏನು ಹೆಸರಿಟ್ಟುಕೊಂಡರೂ ಅಷ್ಟೇ.

ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಸಾಲು ಯಾಕೆ ನಿಂತಿದೆ ಅಂತ. ಸಿಗ್ನಲ್ಲೋ, ಬಸ್ ನಿಂತಿದೆಯೋ, ಯಾರೋ ರಿವರ್ಸ್ ತಗೋತಿದ್ದಾರೋ? ಕಾರಣ ಕಾಣದಿದ್ದರೆ ಕಾಣೋವರೆಗೆ ನಿಲ್ಲಿ. ಒಂದು ಗುರುತು ಹೇಳ್ತೀನಿ: ಒಂದು ಕಾರಿನ ಮುಂದೆ ಜಾಗ ಖಾಲಿ ಇದ್ದೂ ಅದು ಮುಂದೆ ಹೋಗದೆ ನಿಂತಿದ್ದರೆ, ಅದು ಯಾರಿಗೋ ದಾರಿ ಬಿಟ್ಟಿದೆ. ಆ ಖಾಲಿ ಜಾಗದಿಂದ ಒಂದು ಸ್ಕೂಟರ್, ಇಲ್ಲವೇ ಮಗು ಕೈಹಿಡಿದ ಅಜ್ಜಿ ಅಡ್ಡ ಬರ್ತಾರೆ. ನಿಮಗೆ ಅವರು ಕಾಣಲ್ಲ, ಅವರಿಗೆ ನೀವು ಕಾಣಲ್ಲ, ಮಧ್ಯೆ ಕಾರು ಗೋಡೆಯ ಹಾಗೆ ನಿಂತಿರುತ್ತೆ. ಆ ಕಾರಿನ ಮೂತಿ ದಾಟೋ ಮೊದಲು ಕಾಲು ಊರಿ ಇಣುಕಿ ನೋಡಿ.

ಇನ್ನು ಕಣ್ಣು ಇರಬೇಕಾದ್ದು ಕಾರುಗಳ ಮುಂದಿನ ಚಕ್ರದ ಮೇಲೆ. ಇಂಡಿಕೇಟರ್ ಹಾಕದವನೂ ಚಕ್ರ ತಿರುಗಿಸದೆ ಹೊರಗೆ ಬರೋಕಾಗಲ್ಲ. ಬ್ರೇಕ್ ಲೈಟ್ ಆರಿದರೆ ಗಾಡಿ ಹೊರಡುತ್ತೆ. ರಾತ್ರಿ ಒಳಗಿನ ಲೈಟ್ ಹತ್ತಿಕೊಂಡರೆ ಯಾರೋ ಇಳೀತಾರೆ. ಆಟೋದಲ್ಲಿ ಪ್ಯಾಸೆಂಜರ್ ಜೇಬು ತಡಕ್ತಿದ್ದರೆ ಅಲ್ಲೂ ಅದೇ.

ಗಿರಿಕಾನು:

ಮೇಲಿನವರು ಪೇಟೆ ಲೆಕ್ಕ ಚೆನ್ನಾಗಿ ಹೇಳಿದಾರೆ. ಗಿರಿ ಹಾದಿಗೆ ನನ್ನ ಉತ್ತರ: ಬೇಡ ಮಾರಾಯ್ರೆ.

ಗಣಿತ ಕೇಳಿದಿರಲ್ಲ, ತಗೊಳ್ಳಿ. 5.5 ಮೀಟರ್ ಅಗಲದ ಘಾಟಿ ರಸ್ತೆ ಅಂತಲೇ ಇಟ್ಟುಕೊಳ್ಳೋಣ. ಹತ್ತೋ ಇನ್ನೋವಾ ಕನ್ನಡಿ ಸೇರಿ ಸುಮಾರು 2.1 ಮೀಟರ್, ಅಂಚಿಂದ 30 ಸೆಂ.ಮೀ. ಬಿಟ್ಟಿರುತ್ತೆ. ಇಳಿಯೋ ಟಿಟಿ (ಟೆಂಪೊ ಟ್ರಾವೆಲರ್) ಕನ್ನಡಿ ಸೇರಿ 2.3ರ ಆಸುಪಾಸು, ಅದೂ ಅಂಚಿಂದ 30 ಬಿಟ್ಟಿದೆ. ಮಧ್ಯೆ ಉಳಿದದ್ದು ಅರ್ಧ ಮೀಟರ್. ನಿಮ್ಮ ಹ್ಯಾಂಡಲ್ಲೇ 785 ಮಿಲಿ. ಅಂದ್ರೆ ಅಲ್ಲಿ ಸಂದಿ ಅಂತ ಕಾಣೋದು ಎದುರಿಂದ ಗಾಡಿ ಬಾರದೆ ಇರೋ ಅಷ್ಟು ಹೊತ್ತು ಮಾತ್ರ.

ಆ ಹೊತ್ತಲ್ಲಿ ಹತ್ತು ಬೈಕ್ ಬಲಕ್ಕೆ ನುಗ್ಗುತ್ತವೆ, ಅದನ್ನ ನೋಡಿ ಹಿಂದಿಂದ ಒಂದು ಕಾರೂ ಮೂತಿ ಹೊರಗೆ ಹಾಕುತ್ತೆ. ಹೇರ್‌ಪಿನ್ ತಿರುವಿನಲ್ಲಿ ಇಳಿಯೋ ಗಾಡಿಗೆ ಇದು ಕಾಣೋದು ಮೂತಿಗೆ ಮೂತಿ ಬಂದ ಮೇಲೆ. ಬೈಕ್‌ಗಳು ವಾಪಸ್ ಸೇರ್ಕೊಳ್ಳೋಕೆ ಕಾರುಗಳ ಮಧ್ಯೆ ಜಾಗ ಇಲ್ಲ, ಹಿಂದೆ ಸರಿಯೋಕೆ ಏರು ರಸ್ತೆ, ಕ್ಲಾಸಿಕ್ ತೂಕ 195 ಕೆ.ಜಿ. ಅಲ್ಲಿಗೆ ಎರಡೂ ಕಡೆ ಲಾಕ್. ಕಿರಿದಾದ ಗುಡ್ಡದ ರಸ್ತೆಯಲ್ಲಿ ಹತ್ತೋ ಗಾಡಿಗೆ ಮೊದಲ ಹಕ್ಕು ಅನ್ನೋ ನಿಯಮ ಹೇಳ್ಕೊಂಡು ಕೆಲವರು ವಾದ ಮಾಡ್ತಾರೆ. ಆ ಹಕ್ಕು ತನ್ನ ಸಾಲಲ್ಲಿ ಬರೋನಿಗೆ ಇರೋದು, ಎದುರಿನವನ ಸಾಲಲ್ಲಿ ನಿಂತವನಿಗಲ್ಲ.

ಎಡಗಡೆ? ಮಳೆಗಾಲದಲ್ಲಿ ಡಾಂಬರಿನ ಅಂಚು ಮುಗಿದ ತಕ್ಷಣ ಪಾಚಿ, ಕೊಳೆತ ಎಲೆ, ಅದರ ಕೆಳಗೆ ಚರಂಡಿ. ಡಾಂಬರಿಂದ ಮಣ್ಣಿಗೆ ಒಂದು ಗೇಣು ಇಳಿಜಾರು ಇದ್ದರೆ ಚಕ್ರ ಇಳೀತದೆ, ವಾಪಸ್ ಹತ್ತಲ್ಲ. ಓರೆಯಾಗಿ ಹತ್ತಿಸೋಕೆ ಹೋದರೆ ಅಂಚಿಗೆ ಉಜ್ಜಿ ಬೀಳ್ತೀರಿ.

ನಿಂತಾಗಲೂ ಒಂದು ಕೆಲಸ ಇದೆ. ಮುಂದಿನ ಕಾರಿನ ಹಿಂಬದಿ ಚಕ್ರ ರಸ್ತೆ ಮುಟ್ಟಿರೋದು ನಿಮ್ಮ ಸೀಟಿಂದ ಕಾಣೋ ಹಾಗೆ, ಎರಡು ಮೀಟರ್‌ಗೆ ಕಮ್ಮಿ ಇಲ್ಲದಂತೆ ಬಿಟ್ಟು ನಿಲ್ಲಿ. ಘಾಟಿ ಅಭ್ಯಾಸ ಇಲ್ಲದ ಡ್ರೈವರ್ ಏರಲ್ಲಿ ಹೊರಡುವಾಗ ಒಂದು ಮೊಳ, ಎರಡು ಮೊಳ ಹಿಂದಕ್ಕೆ ಜಾರಿಸಿಯೇ ಹೊರಡೋದು. ಬೈಕನ್ನ ಅವನ ಬಂಪರಿಗೆ ನೇರ ಇಡದೆ ಸ್ವಲ್ಪ ಬಲಕ್ಕೆ, ಅವನ ಬಲಗನ್ನಡಿಯಲ್ಲಿ ಮುಖ ಕಾಣೋ ಕಡೆ ಇಡಿ. ಗೇರು ಒಂದರಲ್ಲೇ ಇರಲಿ, ಎಡಗಾಲು ನೆಲಕ್ಕೆ, ಬಲಗಾಲು ಹಿಂಬ್ರೇಕಿನ ಮೇಲೆ.

ಸಂತೇಪೇಟೆ_75 (ಹಾಸನ):

ಕಾನೂನಿನ ಮಾತು ಯಾರೂ ಎತ್ತಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ "ನಿಂತ ಸಾಲಿನ ಮಧ್ಯೆ ಬೈಕ್ ಹೋಗಬಹುದು" ಅಂತ ಅನುಮತಿ ಕೊಡೋ ಕಲಂ ಇಲ್ಲ. ಕಾನೂನಿಗೆ ವಿರುದ್ಧವಾಗಿ ಓವರ್‌ಟೇಕ್ ಮಾಡೋದು, ಎದುರು ದಿಕ್ಕಿನಲ್ಲಿ ಹೋಗೋದು, ಕೆಂಪು ದೀಪ ದಾಟೋದು ಇವನ್ನೆಲ್ಲ 2019ರ ತಿದ್ದುಪಡಿ 184ನೇ ಕಲಂನಲ್ಲಿ ಅಪಾಯಕಾರಿ ಚಾಲನೆ ಅಂತ ಬಿಡಿಸಿ ಹೇಳಿದೆ. ಮೊದಲ ಸಲಕ್ಕೆ ದಂಡವೇ 1,000ದಿಂದ 5,000 ರೂಪಾಯಿ, ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲಿಗೂ ಅವಕಾಶ ಇದೆ. ತಾಗಿ ಬಿದ್ದರೆ ದಂಡಕ್ಕಿಂತ ದೊಡ್ಡ ಪೆಟ್ಟು ಪರಿಹಾರದ ಕೇಸಲ್ಲಿ. ಸವಾರನದೂ ಇಷ್ಟು ಪಾಲು ತಪ್ಪು ಅಂತ ಟ್ರಿಬ್ಯೂನಲ್ ಅಷ್ಟನ್ನ ಕಳೆಯಬಹುದು.

ಬಸ್ಸು, ಲಾರಿ ವಿಷಯ ಬೇರೆಯೇ. ಬಿ.ಎಂ. ರೋಡಲ್ಲಿ ದಿನಾ ಕಾಣೋ ತಪ್ಪು ಎರಡು. ಒಂದು, ಎಡಕ್ಕೆ ತಿರುಗೋಕೆ ಮೊದಲು ಬಸ್ಸು ಸ್ವಲ್ಪ ಬಲಕ್ಕೆ ಹೋಗುತ್ತೆ. ಎಡಗಡೆ ಜಾಗ ತೆರೀತು ಅಂತ ಬೈಕ್ ನುಗ್ಗುತ್ತೆ. ಬಸ್ಸಿನ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಲ್ಲಿ ಬರಲ್ಲ, ತಿರುವಿನ ಒಳಗಡೆಗೆ ಕತ್ತರಿಸಿಕೊಂಡು ಬರುತ್ತೆ. ತೆರೆದ ಜಾಗ ಅದೇ ಚಕ್ರ ಬರೋ ಜಾಗ. ಬಲಗಡೆ ಇದ್ದವರಿಗೂ ಪೂರ್ತಿ ಕ್ಷೇಮ ಇಲ್ಲ, ಹಿಂದಿನ ಚಕ್ರದ ಆಚೆಗೆ ಚಾಚಿಕೊಂಡ ಬಾಡಿ ಬಲಕ್ಕೆ ಬೀಸುತ್ತೆ. ಎರಡು, ಸಾಲಿನ ತುದಿ ತಲುಪಿ ಲಾರಿ ಮೂತಿಗೆ ಅಂಟಿಕೊಂಡು ಅಡ್ಡ ನಿಲ್ಲೋದು. ಎತ್ತರದ ಕ್ಯಾಬಿನ್‌ನಿಂದ ಬಂಪರ್ ಕೆಳಗಿನ ಬೈಕ್ ಕಾಣೋದೇ ಇಲ್ಲ. ತಿರುಗಿ ನೋಡಿದಾಗ ಗಾಜಿನೊಳಗೆ ಡ್ರೈವರ್ ಮುಖ ಕಾಣೋಷ್ಟು ಮುಂದೆ ಜಾಗ ಇದ್ದರೆ ನಿಲ್ಲಿ. ಅಷ್ಟು ಮುಂದೆ ಹೋದರೆ ಜೀಬ್ರಾ ಪಟ್ಟಿ ಮೇಲೆ ಬರ್ತೀರಾ? ಹಾಗಾದ್ರೆ ಲಾರಿ ಹಿಂದೆಯೇ ಇರಿ.

ರೈಲ್ವೆ ಗೇಟ್ ಬಿದ್ದಾಗ ಬಲಗಡೆ ಪೂರ್ತಿ ತುಂಬಿಕೊಳ್ಳೋ ಚಾಳಿಗೆ ಮದ್ದಿಲ್ಲ. ಆಚೆ ಕಡೆಯವರೂ ಅದನ್ನೇ ಮಾಡಿರ್ತಾರೆ, ಗೇಟ್ ಎದ್ದ ಮೇಲೆ ಹಳಿ ಮೇಲೇ ಕುಸ್ತಿ.

ಇನ್ನೊಂದು, ಹಿಂದೆ ಆಂಬುಲೆನ್ಸ್ ಸೈರನ್ ಕೇಳಿದರೆ ಸಂದಿ ಆ ಕ್ಷಣದಿಂದ ಅದರದ್ದು. ಎರಡು ಕಾರಿನ ನಡುವೆ ತೂರಿಕೊಳ್ಳಿ. ದಾರಿ ಬಿಡದಿದ್ದರೆ ಅದೇ ಕಾಯ್ದೆಯ 194ಇ ಕಲಂ ಪ್ರಕಾರ 10,000 ರೂಪಾಯಿ ದಂಡ.

ಕೈಮರ_ಸವಾರ:

ಅರ್ಥ ಆಯ್ತು, ಗಿರಿ ಹಾದಿ ಪ್ರಶ್ನೆ ವಾಪಸ್ ತಗೊಂಡೆ. ಪೇಟೆ ವಿಷಯಕ್ಕೆ ಇನ್ನೆರಡು. 10 ಕಿ.ಮೀ.ಗೆ ಇಳಿದರೆ ಬೈಕ್ ಓಲಾಡುತ್ತೆ, ಹಿಂದಿನವರು ಇದ್ದಾಗ ಇನ್ನೂ ಜಾಸ್ತಿ. ಮತ್ತೆ, ಸಾಲು ಹೊರಟುಬಿಟ್ಟರೆ ನಾನು ಮಧ್ಯದಲ್ಲಿ ಸಿಕ್ಕಿಕೊಳ್ತೀನಲ್ಲ?

ಅರೆಕ್ಲಚ್:

ಓಲಾಡೋದು ಎಕ್ಸಲೇಟರ್ ಬಿಟ್ಟು ಬಿಟ್ಟು ಕೊಡೋದರಿಂದ. ಒಂದನೇ ಗೇರಲ್ಲಿ ಎಕ್ಸಲೇಟರ್ ಐಡ್ಲಿಂಗ್‌ಗಿಂತ ಒಂಚೂರು ಮೇಲೆ, ಒಂದೇ ಸಮ ಹಿಡೀರಿ. ಕ್ಲಚ್ ಅರ್ಧ ಬಿಟ್ಟ ಜಾಗದಲ್ಲಿ ಬೆರಳು ಆಡಿಸಿ. ಹಿಂಬ್ರೇಕ್ ಲೈಟ್ ಹತ್ತೋಷ್ಟು ಮಾತ್ರ ಒತ್ತಿರಿ, ಎಂಜಿನ್ ಅದರ ವಿರುದ್ಧ ಎಳೀತಿರಲಿ. ಆಗ ಗಾಡಿ ಬಿಗಿಯಾಗಿ ನಿಲ್ಲುತ್ತೆ. ಮೊಣಕಾಲು ಟ್ಯಾಂಕಿಗೆ, ಕಣ್ಣು ಎರಡು ಕಾರು ಮುಂದೆ. ಹತ್ತಿರದ ಕನ್ನಡಿಯನ್ನೇ ದಿಟ್ಟಿಸಿದರೆ ಬೈಕ್ ಅಲ್ಲಿಗೇ ಹೋಗುತ್ತೆ.

ಮುಂಬ್ರೇಕಿಗೆ ಎರಡು ಬೆರಳು ಸದಾ ಇರಲಿ, ಆದರೆ ಹ್ಯಾಂಡಲ್ ತಿರುಗಿದ್ದಾಗ ಎಳೀಬೇಡಿ. ಆ ನಿಧಾನದಲ್ಲಿ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯೋ ವ್ಯವಸ್ಥೆ) ನೆರವಿಗೆ ಬರಲ್ಲ. ಫೋರ್ಕ್ ಕುಸಿದು, ತಿರುಗಿದ ಕಡೆಗೇ ಗಾಡಿ ಮಲಗುತ್ತೆ. ಟ್ರಾಫಿಕ್‌ನಲ್ಲಿ ಬುಲೆಟ್ ಮಲಗೋದು ಹೆಚ್ಚಾಗಿ ಹೀಗೇ. ಹ್ಯಾಂಡಲ್ ನೇರ ಮಾಡಿ, ಆಮೇಲೆ ಮುಂಬ್ರೇಕ್.

ಹಿಂದೆ ಕೂತವರಿಗೆ ಮೊದಲೇ ಹೇಳಿಡಿ: ಕಾಲು ಫುಟ್‌ರೆಸ್ಟ್ ಮೇಲೇ ಇರಬೇಕು, ನಿಂತಾಗಲೂ ಊರಬಾರದು, ಬಗ್ಗಿ ಪಕ್ಕಕ್ಕೆ ನೋಡಬಾರದು. ಒಂದೇ ಕಡೆ ಕಾಲು ಹಾಕಿ ಕೂತವರು ಇದ್ದರೆ ಸಂದಿ ಬೇಡವೇ ಬೇಡ, ಎಡಗಡೆಗೆ ಅವರ ಮೊಣಕಾಲೇ ಇನ್ನೊಂದು ಸ್ಯಾಡಲ್ ಬ್ಯಾಗ್.

ಸಿಕ್ಕಿಕೊಳ್ಳೋ ಪ್ರಶ್ನೆಗೆ: ಸಂದಿಗೆ ಇಳಿಯೋ ಮೊದಲೇ ಎಲ್ಲಿ ವಾಪಸ್ ಸೇರ್ಕೋತೀರಿ ಅಂತ ಗೊತ್ತಿರಬೇಕು. ಒಂದೇ ಉಸಿರಲ್ಲಿ ಇಪ್ಪತ್ತು ಕಾರು ದಾಟೋದಲ್ಲ, ಮೂರು ನಾಲ್ಕು ಕಾರು ದಾಟಿ ಒಂದು ತಂಗು. ಸಾಲು ಅಲ್ಲಾಡಿದ ಕೂಡಲೇ ದಾಟೋದು ನಿಲ್ಲಿಸಿ, ಇಂಡಿಕೇಟರ್ ಹಾಕಿ, ಪಕ್ಕದ ಕಾರನ್ನ ಮುಂದೆ ಬಿಟ್ಟು ಅದರ ಹಿಂದೆ ಸೇರಿ. ಅದರ ಮೂತಿ ಮುಂದೆ ತೂರಬೇಡಿ, ಆಗತಾನೆ ಕ್ಲಚ್ ಬಿಟ್ಟಿರೋ ಡ್ರೈವರ್ ಕಣ್ಣು ಮುಂದಿನ ಗಾಡಿ ಮೇಲಿರುತ್ತೆ. ಹಿಂದಿನವರು ಜಾಗ ಬಿಟ್ಟರೆ ಕೈ ಎತ್ತಿ. ಹಾರ್ನ್ ಒಂದು ಸಲ, ಸಣ್ಣಗೆ ಹೊಡೆದರೆ ಸಾಕು. ನಿಂತ ಸಾಲಿನ ಮಧ್ಯೆ ಸೈಲೆನ್ಸರ್ ಡುಗುಡುಗು ಅನ್ನಿಸೋದು ದಾರಿ ಕೊಡೋ ಮನಸ್ಸಿದ್ದವನನ್ನೂ ಕೆಡಿಸುತ್ತೆ.

ಗಿರಿಕಾನು:

ಕನ್ನಡಿ ತಾಗಿದರೆ ಓಡಿಹೋಗಬೇಡಿ, ಅದನ್ನೂ ಸೇರಿಸಿ. ಮಡಚಿಕೊಂಡಿದ್ದರೆ ನಿಲ್ಲಿಸಿ, ಮೊದಲಿನ ಜಾಗಕ್ಕೆ ತಿರುಗಿಸಿ, ಗಾಜು ಸರಿ ಇದೆಯಾ ನೋಡಿ, ತಪ್ಪಾಯ್ತು ಅಂತ ಒಂದು ಮಾತು ಹೇಳಿ. ಒಡೆದಿದ್ದರೆ ನಂಬರ್ ಕೊಡಿ.

ಮತ್ತೆ ಮಳೆ ಬಂದಾಗ ಸಾಲಿನ ನಟ್ಟನಡುವೆ ಚಕ್ರ ಹೋಗಬಾರದು. ಗಾಡಿಗಳು ನಿಂತು ನಿಂತು ಆಯಿಲ್ ತೊಟ್ಟಿಕ್ಕೋದು ಎರಡು ಚಕ್ರದ ಜಾಡಿನ ಮಧ್ಯಕ್ಕೆ. ಬಿಳಿ ಪಟ್ಟಿಯೂ ಆಗ ಸೋಪಿನ ಹಾಗೆ ಜಾರುತ್ತೆ, ಕಾಲು ಊರೋ ಜಾಗದಲ್ಲಿ ಅದು ಇದೆಯಾ ನೋಡಿ ಊರಿ.

ಕೈಮರ_ಸವಾರ:

ಈಗಷ್ಟೇ ಅಳೆದೆ. ಕನ್ನಡಿ 91 ಸೆಂ.ಮೀ., ತುಂಬಿದ ಬ್ಯಾಗ್ 98. ಬ್ಯಾಗೇ ಅಗಲ.