ಡಿಕ್ಕಿ ವೈರಿಗೆ ಟೇಪ್ ಸಾಕಾ? ನಮ್ಮ ಮನೆ ಗುಂಪಿನಲ್ಲಿ ನಡೆದ ಚರ್ಚೆ

ಸುರೇಶ ಮಾವ: (ವಿಡಿಯೋ) ಎಲ್ಲರೂ ನೋಡಿ. ಡಿಕ್ಕಿ ಬಾಗಿಲಿನ ವೈರ್ ಕಟ್ಟಾದರೆ ಐದೇ ನಿಮಿಷದ ಕೆಲಸ. ಎರಡು ತುದಿ ಸೇರಿಸಿ ತಿರುಚಿ ಟೇಪ್ ಸುತ್ತಿದರೆ ಮುಗಿಯಿತು. ಇದಕ್ಕೇ ಪೂರ್ತಿ ವೈರಿಂಗ್ ಬದಲಿಸಬೇಕು ಅಂತ ಸಾವಿರಗಟ್ಟಲೆ ಕೇಳುತ್ತಾರೆ.

ಲತಾ ಚಿಕ್ಕಮ್ಮ: ನಮ್ಮ ಕಾರಿನಲ್ಲೂ ನಂಬರ್ ಪ್ಲೇಟ್ ಲೈಟ್ ಹೋಗಿದೆ. ಹೊಸ ಬಲ್ಬ್ ಹಾಕಿಸಿದರೂ ಉರಿಯುತ್ತಿಲ್ಲ. ಇದೇ ಇರಬಹುದಾ? ಹೀಗೇ ಮಾಡಿಸಲಾ?

ವಿನಯ: ಬೇಡ ಚಿಕ್ಕಮ್ಮ. ಮಾವ, ಪೂರ್ತಿ ವೈರಿಂಗ್ ಬದಲಿಸಬೇಕಿಲ್ಲ ಅನ್ನುವುದು ಸರಿ. ಆದರೆ ವಿಡಿಯೋದಲ್ಲಿ ಆತ ಟೇಪ್ ಸುತ್ತಿರುವ ಜಾಗ ಯಾವುದು, ಒಮ್ಮೆ ನೋಡಿ. ಕಾರಿನ ಮೇಲ್ಭಾಗಕ್ಕೂ ಡಿಕ್ಕಿ ಬಾಗಿಲಿಗೂ ನಡುವೆ ವೈರ್‌ಗಳನ್ನು ಮುಚ್ಚಿರುವ ಕಪ್ಪು ರಬ್ಬರ್ ಕೊಳವೆ, ಅಂದರೆ ಬೂಟ್ ಇದೆಯಲ್ಲ, ಅದರೊಳಗೆ. ಬಾಗಿಲು ಎತ್ತಿದಾಗ, ಇಳಿಸಿದಾಗ ವೈರ್ ಬಗ್ಗುವುದೇ ಅಲ್ಲಿ. ಬೈಂಡಿಂಗ್ ವೈರನ್ನು ಆಚೆ ಈಚೆ ಬಗ್ಗಿಸಿ ಮುರಿಯುತ್ತೇವಲ್ಲ, ಒಳಗಿನ ತಾಮ್ರದ ಎಳೆಗಳೂ ಹಾಗೇ ಒಂದೊಂದಾಗಿ ತುಂಡಾಗಿರುತ್ತವೆ. ಬಗ್ಗುವ ಜಾಗದಲ್ಲೇ ಜಾಯಿಂಟ್ ಹಾಕಿದರೆ ಮತ್ತೆ ಅದರ ಪಕ್ಕದಲ್ಲೇ ಮುರಿಯುತ್ತದೆ.

ಸುರೇಶ ಮಾವ: ನನ್ನ ಹಳೇ ಕಾರಿಗೂ ಟೇಪೇ ಸುತ್ತಿಸಿದ್ದೆ. ಮಾರುವವರೆಗೂ ಏನೂ ಆಗಲಿಲ್ಲ. ಒಂದು ಸಣ್ಣ ಬಲ್ಬಿಗೆ ಇಷ್ಟೆಲ್ಲ ಯಾಕೆ?

ವಿನಯ: ಅದು ಸೆಡಾನ್ ಮಾವ. ಅದರ ಹಿಂದಿನ ಗಾಜು ಬಾಡಿಗೇ ಕೂತಿರುತ್ತದೆ. ಚಿಕ್ಕಮ್ಮನದು ಹ್ಯಾಚ್‌ಬ್ಯಾಕ್. ಗಾಜೂ ಬಾಗಿಲಿನ ಜೊತೆಗೇ ಮೇಲೇಳುತ್ತದೆ. ಹಾಗಾಗಿ ವೈಪರ್, ಡಿಫಾಗರ್ (ಗಾಜು ಬಿಸಿ ಮಾಡಿ ಮಂಜು ತೆಗೆಯುವುದು), ಲಾಕ್, ಮೇಲಿನ ಬ್ರೇಕ್ ಲೈಟ್, ನಂಬರ್ ಪ್ಲೇಟ್ ಲೈಟ್ ಎಲ್ಲದರ ವೈರೂ ಆ ಒಂದು ಬೂಟಿನೊಳಗೇ ಹೋಗಬೇಕು. ಒಂದು ಕಟ್ಟಾಗಿದೆ ಅಂದರೆ ಪಕ್ಕದವೂ ಅಷ್ಟೇ ಸಲ ಬಗ್ಗಿವೆ ಅಂತ ಅರ್ಥ.

ಇನ್ನು ಸಣ್ಣ ಬಲ್ಬು ಅಂದಿರಿ. ಕೇಂದ್ರ ಮೋಟಾರು ವಾಹನ ನಿಯಮಗಳು 1989, ಅದರ 105ನೇ ನಿಯಮದ ಪ್ರಕಾರ ರಾತ್ರಿ ಹಿಂದಿನ ನಂಬರ್ 15 ಮೀಟರ್ ದೂರದಿಂದ ಓದಲು ಬರಬೇಕು. ಅದಕ್ಕಿಂತ ನನಗೆ ಹೆದರಿಕೆ ಬೇರೆ. ಎಷ್ಟೋ ಕಾರುಗಳಲ್ಲಿ ಈ ಲೈಟಿಗೂ ಟೈಲ್ ಲ್ಯಾಂಪಿಗೂ ಒಂದೇ ಫ್ಯೂಸ್. ಇನ್ಸುಲೇಶನ್ ಹೋದ ತಾಮ್ರ ಬಾಡಿಗೆ ತಗುಲಿದರೆ ಫ್ಯೂಸ್ ಹೋಗುತ್ತದೆ, ಅದರ ಜೊತೆ ಟೈಲ್ ಲ್ಯಾಂಪೂ ಆರುತ್ತದೆ. ಚಿಕ್ಕಮ್ಮ ಮಳೆಗಾಲದಲ್ಲಿ ರಾತ್ರಿ ಶಿರಾಡಿ ಘಾಟಿ ಇಳಿಯುವವರು. ಹಿಂದೆ ಲಾರಿ ಬರುತ್ತಿರುತ್ತದೆ. ಅಲ್ಲಿ ಕೆಂಪು ಲೈಟ್ ಇಲ್ಲದಿದ್ದರೆ ಏನು ಗತಿ?

ಲತಾ ಚಿಕ್ಕಮ್ಮ: ಅಯ್ಯೋ, ಫ್ಯೂಸ್ ಒಮ್ಮೆ ಹೋಗಿತ್ತು ಕಣೋ! ಇಲ್ಲಿನ ಹುಡುಗ ಸ್ವಲ್ಪ ದೊಡ್ಡದು ಹಾಕಿಕೊಟ್ಟ, ಆಮೇಲೆ ಹೋಗಿಲ್ಲ.

ವಿನಯ: ಚಿಕ್ಕಮ್ಮ, ಅದನ್ನು ಇವತ್ತೇ ತೆಗೆಸಿ. ಫ್ಯೂಸ್ ಇರುವುದು ವೈರ್ ಉಳಿಸಲು. ದೊಡ್ಡ ಫ್ಯೂಸ್ ಹಾಕಿದರೆ ಶಾರ್ಟ್ ಆದಾಗ ಫ್ಯೂಸಿನ ಬದಲು ವೈರೇ ಸುಡುತ್ತದೆ. ಫ್ಯೂಸ್ ಬಾಕ್ಸ್ ಮುಚ್ಚಳದ ಮೇಲೆ ಎಷ್ಟು ಆಂಪ್ ಬರೆದಿದೆಯೋ ಅಷ್ಟೇ ಇರಬೇಕು.

ಅನಿಲ್ ಭಾವ: ವಿನಯ್, ಟೇಪ್ ಬೇಡ ಅನ್ನುವುದನ್ನು ಒಪ್ಪುತ್ತೇನೆ. ಬಿಸಿಲಿಗೆ ಅದರ ಅಂಟು ಕರಗಿ ಜಾರಿಹೋಗುತ್ತದೆ. ಆದರೆ ಸೋಲ್ಡರ್ (ಬೆಸುಗೆ) ಮಾಡಿದರೆ ಗಟ್ಟಿ ಅಲ್ವಾ?

ವಿನಯ: ಗಟ್ಟಿಯಾಗುವುದೇ ತೊಂದರೆ ಭಾವ. ಕರಗಿದ ಸೋಲ್ಡರ್ ಎಳೆಗಳ ನಡುವೆ ಸ್ವಲ್ಪ ದೂರ ಹರಿಯುತ್ತದೆ. ಅಷ್ಟು ಭಾಗ ಕಡ್ಡಿಯಾಗುತ್ತದೆ. ಅದು ಮುಗಿದು ಮೆತ್ತಗಿನ ವೈರ್ ಶುರುವಾಗುವ ಗೆರೆಯಲ್ಲೇ ಎಳೆಗಳು ತುಂಡಾಗುತ್ತವೆ. ಬಗ್ಗದ ಜಾಗದಲ್ಲಿ, ಅಲುಗಾಡದಂತೆ ಕಟ್ಟಿಟ್ಟರೆ ಸೋಲ್ಡರ್ ಕೂಡ ನಡೆಯುತ್ತದೆ. ನನಗೆ ಮಾತ್ರ ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಕ್ರಿಂಪ್ (ವೈರ್ ತುದಿಗಳನ್ನು ಒತ್ತಿ ಹಿಡಿಯುವ ಲೋಹದ ಕೊಳವೆ, ಮೇಲಿನ ಪ್ಲಾಸ್ಟಿಕ್ ಬಿಸಿಗೆ ಕುಗ್ಗಿ ಬಿಗಿಯಾಗುತ್ತದೆ) ಮೇಲೇ ನಂಬಿಕೆ. ನೀರೂ ಹೋಗುವುದಿಲ್ಲ.

ಸುರೇಶ ಮಾವ: ಹಾಗಾದರೆ ನೀನು ಹೇಗೆ ಮಾಡುತ್ತೀಯ? ಅದನ್ನು ಹೇಳು, ಸುಮ್ನೆ ತಪ್ಪು ಹುಡುಕಬೇಡ.

ವಿನಯ: ಹೇಳುತ್ತೇನೆ ಮಾವ. ಮೊದಲು ಚಿಕ್ಕಮ್ಮ ಪಾರ್ಕಿಂಗ್ ಲೈಟ್ ಹಾಕಿ, ಬಾಗಿಲನ್ನು ನಿಧಾನಕ್ಕೆ ಎತ್ತುತ್ತಾ ನೋಡಲಿ. ಅರ್ಧಕ್ಕೆ ಬಂದಾಗ ಲೈಟ್ ಮಿಣುಕಿದರೆ ತೊಂದರೆ ಬೂಟಿನೊಳಗೇ ಇದೆ. ಬ್ರೇಕ್ ಒತ್ತಿದಾಗ ನಂಬರ್ ಪ್ಲೇಟ್ ಬಲ್ಬ್ ಮಂಕಾಗಿ ಉರಿದರೆ ಅರ್ಥ್ ವೈರ್ (ಕರೆಂಟ್ ವಾಪಸ್ ಹೋಗುವ ವೈರ್) ಮೇಲೆ ಅನುಮಾನ.

ಆಮೇಲೆ ಬ್ಯಾಟರಿಯ ಮೈನಸ್ ಬಿಚ್ಚಿ, ಬೂಟ್ ಹಿಂದಕ್ಕೆ ಸರಿಸಿ, ಒಂದೊಂದೇ ವೈರನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಬೇಕು. ಹೊರಗೆ ಚೆನ್ನಾಗಿ ಕಂಡರೂ ಒಳಗೆ ತಾಮ್ರ ತುಂಡಾಗಿದ್ದರೆ ಪ್ಲಾಸ್ಟಿಕ್ ಮಾತ್ರ ಹಿಗ್ಗುತ್ತದೆ. ಕೈಗೇ ಗೊತ್ತಾಗುತ್ತದೆ. ಅನುಮಾನ ಇದ್ದದ್ದನ್ನು ಮಲ್ಟಿಮೀಟರ್ (ವೈರ್ ತುಂಡಾಗಿದೆಯಾ ಎಂದು ತೋರಿಸುವ ಮೀಟರ್) ಹಾಕಿ, ವೈರ್ ಬಗ್ಗಿಸುತ್ತಲೇ ನೋಡಬೇಕು.

ಕೆಟ್ಟ ತುಂಡನ್ನು ಪೂರ್ತಿ ತೆಗೆಯುತ್ತೇನೆ. ತಾಮ್ರ ಕಪ್ಪಾಗಿದ್ದರೆ ಅಥವಾ ಹಸಿರು ಕಿಲುಬು ಹಿಡಿದಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೂ ಹಿಂದಕ್ಕೆ ಹೋಗಬೇಕು. ಸಣ್ಣ ಎಳೆಗಳ ಸಿಲಿಕಾನ್ ವೈರ್ ಹಾಕಿ, ಒಂದು ಜಾಯಿಂಟ್ ಬಾಡಿಯೊಳಗೆ, ಇನ್ನೊಂದು ಬಾಗಿಲಿನೊಳಗೆ ಬರುವಂತೆ ಮಾಡುತ್ತೇನೆ. ಬೂಟಿನೊಳಗೆ ಒಂದೂ ಜಾಯಿಂಟ್ ಇರಬಾರದು, ನನ್ನ ವಾದ ಇಷ್ಟೇ. ಜಾಯಿಂಟ್‌ಗಳೆಲ್ಲ ಒಂದೇ ಕಡೆ ಗುಂಪಾಗದಂತೆ ಹಿಂದೆ ಮುಂದೆ ಹಾಕಬೇಕು.

ಅನಿಲ್ ಭಾವ: ಎಲ್ಲಕ್ಕೂ ಒಂದೇ ವೈರ್ ಸಾಕಾ?

ವಿನಯ: ಇಲ್ಲ ಭಾವ. ನಂಬರ್ ಪ್ಲೇಟಿನ 5 ವ್ಯಾಟ್ ಬಲ್ಬ್ ಅರ್ಧ ಆಂಪ್ ಕೂಡ ಎಳೆಯುವುದಿಲ್ಲ. ಡಿಫಾಗರ್ 150 ವ್ಯಾಟ್ ಇದ್ದರೆ 12 ಆಂಪ್ ದಾಟುತ್ತದೆ. ಅದಕ್ಕೆ ತೆಳ್ಳನೆಯ ವೈರ್ ಹಾಕಿದರೆ ಬಿಸಿಯಾಗುತ್ತದೆ. ಅರ್ಥ್ ವೈರೂ ದಪ್ಪಗೇ ಇರಬೇಕು, ಎಲ್ಲದರ ಕರೆಂಟೂ ಅದರಲ್ಲೇ ವಾಪಸ್ ಬರುವುದು. ಇದ್ದ ವೈರಿಗಿಂತ ಸಣ್ಣದು ಯಾವುದಕ್ಕೂ ಬೇಡ. ಕರ್ಟನ್ ಏರ್‌ಬ್ಯಾಗ್ (ಕಿಟಕಿಗಳ ಮೇಲೆ ಚಾವಣಿಯ ಅಂಚಿನಲ್ಲಿ ಅಡಗಿರುವ ಗಾಳಿಚೀಲ) ಇರುವ ಕಾರಾದರೆ ಚಾವಣಿಯ ಲೈನಿಂಗ್‌ಗೆ ಕೈ ಹಾಕುವ ಮೊದಲು ಗೊತ್ತಿರುವವರನ್ನು ಕೇಳಬೇಕು.

ಸುರೇಶ ಮಾವ: ಇದು ಐದು ನಿಮಿಷದ್ದಲ್ಲ, ಅರ್ಧ ದಿನದ ಕೆಲಸ.

ವಿನಯ: ಹೌದು, ಅರ್ಧ ದಿನ ಬೇಕು. ಸಾಮಾನಿಗೆ ಮಾತ್ರ ಜಾಸ್ತಿ ದುಡ್ಡು ಬೇಡ, ನೀವು ಹೇಳಿದ ಸಾವಿರಗಳೆಲ್ಲ ಉಳಿಯುತ್ತವೆ.

ಸುರೇಶ ಮಾವ: ಸರಿ. ಭಾನುವಾರ ಲತಾ ಕಾರು ನಮ್ಮ ಮನೆಗೆ ತರಲಿ. ವಿಡಿಯೋ ತೆಗೆಯುತ್ತೇನೆ. ಆದರೆ ವಾಕಿಂಗ್ ಗ್ರೂಪಿಗೂ ಈ ಟೇಪ್ ವಿಡಿಯೋನೇ ಹಾಕಿಬಿಟ್ಟಿದ್ದೇನಲ್ಲ?

ವಿನಯ: ಅಲ್ಲಿ ಡಿಲೀಟ್ ಮಾಡಿಬಿಡಿ ಮಾವ. ಫ್ಯೂಸ್ ವಿಷಯ ಮಾತ್ರ ಈಗಲೇ ಅಲ್ಲಿಗೂ ಬರೆಯಿರಿ. ಚಿಕ್ಕಮ್ಮ, ಬೆಳಿಗ್ಗೆ ಎಂಟಕ್ಕೇ ಬನ್ನಿ. ಕೆಲಸ ಮುಗಿದ ಮೇಲೆ ಬೂಟಿನ ಅಂಚು ಸರಿಯಾಗಿ ಕೂತಿದೆಯಾ ಅಂತ ಪೈಪಿನಿಂದ ನೀರು ಬಿಟ್ಟು ನೋಡಬೇಕು. ಡಿಕ್ಕಿಯಲ್ಲಿರುವ ಸಾಮಾನೆಲ್ಲ ಮನೆಯಲ್ಲೇ ಇಳಿಸಿ ಬನ್ನಿ.