ಪದಚರ್ಚೆ: ತೊಳೆದ ಕಾರನ್ನು ‘ಒಣಗಿಸುವುದೋ’, ‘ಒರೆಸುವುದೋ’? ಅದರ ಮೇಲೆ ಉಳಿಯುವುದು ‘ನೀರಿನ ಕಲೆ’ಯೋ?

ಮಾನ್ಯರೇ,

ಕೋಲಾರದ ಸಮೀಪ ನನ್ನ ಸೋದರಳಿಯ ಒಂದು ವಾಟರ್ ಸರ್ವಿಸ್ ಅಂಗಡಿ ನಡೆಸುತ್ತಾನೆ. ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗರಿಗೆ ಅನುಕೂಲವಾಗಲೆಂದು ಕಾರು ತೊಳೆಯುವ ಕ್ರಮವನ್ನು ಒಂದು ಪುಟದಷ್ಟು ಕನ್ನಡದಲ್ಲಿ ಬರೆದುಕೊಡಬೇಕೆಂದು ಅವನು ಕೇಳಿದಾಗ, ಇಂಗ್ಲಿಷಿನ ಕೈಪಿಡಿಯೊಂದನ್ನು ಮುಂದಿಟ್ಟುಕೊಂಡು ಬರೆದುಕೊಟ್ಟೆ. ಅದರ ಕೊನೆಯ ಸಾಲು ಹೀಗಿತ್ತು: ‘ತೊಳೆದ ಕೂಡಲೇ ಕಾರನ್ನು ಚೆನ್ನಾಗಿ ಒಣಗಿಸಬೇಕು.’ ಮರುದಿನ ಹುಡುಗರು ಕಪ್ಪು ಬಣ್ಣದ ಕಾರೊಂದನ್ನು ತೊಳೆದು, ನಾನು ಬರೆದುದನ್ನು ಓದಿ, ಅದನ್ನು ಚಪ್ಪರದ ನೆರಳಿನಿಂದ ಹೊರಗೆ ತಂದು ಬಿಸಿಲಿಗೆ ನಿಲ್ಲಿಸಿದರು. ಅರ್ಧ ಗಂಟೆಯಲ್ಲಿ ಕಾರು ಒಣಗಿತು. ಬಾನೆಟ್ಟಿನ ತುಂಬ ಬಿಳಿಯ ಚುಕ್ಕೆಗಳೂ ಉಂಗುರಗಳೂ ಎದ್ದಿದ್ದವು. ಹುಡುಗರು ತಪ್ಪು ಮಾಡಿರಲಿಲ್ಲ. ‘ಒಣಗಿಸಿ’ ಎಂದರೆ ಬಿಸಿಲಿಗೋ ಗಾಳಿಗೋ ಇಡಿ ಎಂದೇ ಕನ್ನಡದಲ್ಲಿ ಅರ್ಥ, ಅವರು ಅದನ್ನೇ ಮಾಡಿದ್ದರು. ನಾನು ಆರಿಸಿದ ಕ್ರಿಯಾಪದ ತಪ್ಪಾಗಿತ್ತು.

ಅಂದಿನಿಂದ ಈ ಪದ ನನ್ನನ್ನು ಬಿಟ್ಟಿಲ್ಲ. ಇಂಗ್ಲಿಷಿನ ‘ಡ್ರೈ’ ಎಂಬ ಒಂದೇ ಮಾತು, ನೀರು ತಾನಾಗಿ ಆವಿಯಾಗಿ ಹೋಗುವುದಕ್ಕೂ ಸಲ್ಲುತ್ತದೆ, ಬಟ್ಟೆಯಿಂದ ನೀರನ್ನು ತೆಗೆದುಹಾಕುವುದಕ್ಕೂ ಸಲ್ಲುತ್ತದೆ. ಕನ್ನಡದಲ್ಲಿ ಇವೆರಡೂ ಬೇರೆ ಬೇರೆ ಕ್ರಿಯೆಗಳು, ಬೇರೆ ಬೇರೆ ಪದಗಳು. ‘ಒಣಗು’ ಎಂಬ ಅಕರ್ಮಕಕ್ಕೆ ‘ಇಸು’ ಸೇರಿ ‘ಒಣಗಿಸು’ ಆಗಿದೆ. ಮೆಣಸಿನಕಾಯಿ ಒಣಗಿಸುವವರು, ಹಪ್ಪಳ ಒಣಗಿಸುವವರು, ಅಡಿಕೆ ಒಣಗಿಸುವವರು ಅದನ್ನು ಹರಡಿಟ್ಟು, ಆಗಾಗ ಮಗುಚಿ, ಕಾಯುತ್ತಾರೆ. ಒಣಗುವ ಕೆಲಸ ಬಿಸಿಲಿನದು, ಏರ್ಪಾಡು ಮಾತ್ರ ಮನುಷ್ಯನದು. ಈ ಪದದಲ್ಲಿ ನೀರು ಹೋಗುವ ದಾರಿ ಒಂದೇ, ಅದು ಆವಿಯ ದಾರಿ. ಕಾರಿನ ಮೇಲೆ ಕಲೆ ಉಳಿಯುವುದಕ್ಕೆ ಕಾರಣವೂ ಆ ದಾರಿಯೇ. ಆವಿಯಾಗುವ ನೀರು ತನ್ನಲ್ಲಿ ಕರಗಿದ್ದ ಯಾವುದನ್ನೂ ಜೊತೆಗೆ ಒಯ್ಯುವುದಿಲ್ಲ. ಆದ್ದರಿಂದ ಕಲೆಯಾಗದಂತೆ ನೋಡಿಕೊಳ್ಳಬೇಕಾದ ಕೆಲಸಕ್ಕೆ ‘ಒಣಗಿಸು’ ಎಂದು ಬರೆದರೆ, ಏನನ್ನು ಮಾಡಬಾರದೋ ಅದನ್ನೇ ಮಾಡಿ ಎಂದು ಹೇಳಿದಂತಾಗುತ್ತದೆ. ಕಾರು ಒಣಗುವುದಕ್ಕೆ ಮೊದಲೇ ಅದರ ಮೇಲಿನ ನೀರನ್ನು ತೆಗೆಯಬೇಕು ಎಂಬುದು ಅಲ್ಲಿ ಹೇಳಬೇಕಾಗಿದ್ದ ಮಾತು.

‘ಆರಿಸು’ ಎಂಬ ಇನ್ನೊಂದು ಮಾತನ್ನು ಸ್ನೇಹಿತರೊಬ್ಬರು ಸೂಚಿಸಿದರು. ನಾನು ಗಮನಿಸಿದ ಮಟ್ಟಿಗೆ, ಒಳಗಿನ ನೀರು ಹೋಗುವಾಗ ‘ಒಣಗು’ ಎನ್ನುತ್ತೇವೆ, ಮೇಲಣ ಒದ್ದೆ ಹೋಗುವಾಗ ‘ಆರು’ ಎನ್ನುತ್ತೇವೆ. ಕೆರೆ ಒಣಗುತ್ತದೆ, ಕೊಬ್ಬರಿ ಒಣಗುತ್ತದೆ. ಸಾರಿಸಿದ ನೆಲ ಆರುತ್ತದೆ, ಎಣ್ಣೆಸ್ನಾನದ ಮೇಲೆ ಕೂದಲು ಆರುತ್ತದೆ. ಬಟ್ಟೆಯ ವಿಷಯದಲ್ಲಿ ಎರಡೂ ಬಳಕೆಯಲ್ಲಿವೆ. ಈ ಲೆಕ್ಕದಲ್ಲಿ ಕಾರಿಗೆ ‘ಆರು’ ಹೆಚ್ಚು ಹೊಂದುತ್ತದೆ, ಏಕೆಂದರೆ ಅಲ್ಲಿ ಒದ್ದೆಯಾಗುವುದು ಮೈ ಮಾತ್ರ. ಆದರೆ ಆರುವುದರಲ್ಲಿಯೂ ನೀರು ಆವಿಯಾಗಿಯೇ ಹೋಗುತ್ತದೆ. ಬಿಸಿ ಕಾಫಿ ಆರುವುದು, ಗಾಯ ಆರುವುದು, ದೀಪ ಆರುವುದು, ಎಲ್ಲವೂ ಹೊತ್ತು ಕಳೆದಂತೆ ತಾನಾಗಿ ಆಗುವ ಶಮನಗಳು. ಸಾಲದುದಕ್ಕೆ ‘ಕಾರನ್ನು ಆರಿಸಿ’ ಎಂದು ಬರೆದರೆ, ಹಲವು ಕಾರುಗಳ ನಡುವೆ ಒಂದನ್ನು ಆಯ್ದುಕೊಳ್ಳಿ ಎಂದೇ ಓದುಗರು ತಿಳಿಯುತ್ತಾರೆ.

ಹಾಗಾದರೆ ಉಳಿಯುವುದು ‘ಒರೆಸು’. ಜನ ಬಳಸುವುದೂ ಇದನ್ನೇ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬೆಳಗಿನ ಜಾವ ಬಕೆಟ್ಟು ಬಟ್ಟೆ ಹಿಡಿದು ಬರುವವರನ್ನು ‘ಗಾಡಿ ಒರೆಸೋರು’ ಎನ್ನುತ್ತಾರಲ್ಲದೆ ‘ಒಣಗಿಸೋರು’ ಎಂದವರನ್ನು ನಾನು ಕೇಳಿಲ್ಲ. ಸ್ನಾನವಾದ ಮಗುವಿನ ತಲೆಯನ್ನು ತಾಯಿ ಒರೆಸುತ್ತಾಳೆ, ಆಮೇಲೆ ಅದು ಆರುತ್ತದೆ. ಒಂದರ ಹಿಂದೆ ಒಂದು ಬರುವ ಈ ಎರಡು ಕ್ರಿಯೆಗಳ ಅಂತರ ಮನೆಮಾತಿನಲ್ಲಿ ಸ್ಪಷ್ಟವಾಗಿರುವಾಗ, ಬರೆಯಲು ಕುಳಿತ ನನಗೆ ಮಾತ್ರ ಅದು ಮರೆತುಹೋದದ್ದು ಇಂಗ್ಲಿಷ್ ವಾಕ್ಯ ಕಣ್ಣೆದುರಿಗೆ ಇದ್ದುದರಿಂದ ಎಂದು ತೋರುತ್ತದೆ.

ಆದರೂ ‘ಒರೆಸು’ ನನಗೆ ಪೂರ್ತಿ ಸಮಾಧಾನ ಕೊಡುತ್ತಿಲ್ಲ. ಚಿನ್ನವನ್ನು ಒರೆಗೆ ಹಚ್ಚುವ ‘ಒರೆ’ಯೂ ಈ ‘ಒರೆಸು’ವೂ ಒಂದೇ ಬಳ್ಳಿಯ ಪದಗಳು, ಎರಡರ ಮೂಲಾರ್ಥವೂ ಉಜ್ಜುವುದು. ಕಾರಿನ ಬಣ್ಣದ ಮೇಲಿರುವ ಪಾರದರ್ಶಕ ಲೇಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನಿನಷ್ಟು ಮಾತ್ರ ದಪ್ಪವಿರುತ್ತದೆ, ಅಂದರೆ ತಲೆಗೂದಲಿಗಿಂತ ತೆಳು. ಧೂಳಿನ ಕಣ ಸಿಕ್ಕಿಕೊಂಡ ಬಟ್ಟೆಯಿಂದ ಅದನ್ನು ಸುತ್ತುಸುತ್ತಾಗಿ ಒರೆಸಿದರೆ, ಬಿಸಿಲಿನಲ್ಲಿ ಜೇಡರ ಬಲೆಯಂತೆ ಕಾಣುವ ಗೀರುಗಳು ಮೂಡುತ್ತವೆ. ನಲ್ಲಿ ನೀರಿನ ಕಲೆಯನ್ನು ತಪ್ಪಿಸಲು ಹೋಗಿ ಗೀರುಗಳನ್ನು ತಂದುಕೊಂಡಂತಾಗುತ್ತದೆ. ಆದ್ದರಿಂದ ಬಲ್ಲ ಕೆಲಸಗಾರರು ದೊಡ್ಡ ಮೈಕ್ರೋಫೈಬರ್ ಬಟ್ಟೆಯನ್ನು ಬಾನೆಟ್ಟಿನ ಮೇಲೆ ಹಾಸಿ, ಅಂಗೈಯಿಂದ ಮೆಲ್ಲಗೆ ತಟ್ಟಿ, ಬಟ್ಟೆ ನೀರು ಕುಡಿದ ಮೇಲೆ ಎತ್ತುತ್ತಾರೆ, ಇಲ್ಲವೆ ಭಾರ ಹಾಕದೆ ಒಂದೇ ದಿಕ್ಕಿಗೆ ತಮ್ಮತ್ತ ಎಳೆದುಕೊಳ್ಳುತ್ತಾರೆ. ಇದು ಒರೆಸುವುದಲ್ಲ, ಉಜ್ಜುವುದಂತೂ ಅಲ್ಲವೇ ಅಲ್ಲ. ನನ್ನ ಸೋದರಳಿಯನ ಹುಡುಗರಲ್ಲಿ ಒಬ್ಬ ಇದನ್ನು ‘ನೀರು ಎತ್ತೋದು’ ಎಂದ. ಚೆಲ್ಲಿದ ನೀರನ್ನು ಬಟ್ಟೆ ಹಾಕಿ ಎತ್ತುವುದನ್ನು ಅಡುಗೆಮನೆಯಲ್ಲಿ ನೋಡಿ ಬೆಳೆದವನ ಮಾತು ಅದು. ‘ಒತ್ತಿ ತೆಗೆ’, ‘ಹೀರಿಸು’ ಎಂಬ ಪದಗಳೂ ಮನಸ್ಸಿಗೆ ಬಂದಿದ್ದವು. ‘ಒತ್ತು’ ಎಂದಾಗ ಭಾರ ಹಾಕಬೇಕೆಂಬ ಸೂಚನೆ ಬರುತ್ತದೆ. ‘ಹೀರಿಸು’ ಸರಿಯಾದರೂ ಕೈ ಏನು ಮಾಡಬೇಕೆಂದು ಅದು ಹೇಳುವುದಿಲ್ಲ. ‘ನೀರು ಎತ್ತು’ ಎಂಬುದರಲ್ಲಿ ಕೈಯ ಚಲನೆಯೂ ಇದೆ, ನೀರು ಎಲ್ಲಿಗೆ ಹೋಯಿತೆಂಬುದೂ ಇದೆ. ಬಾವಿಯಿಂದ ನೀರೆತ್ತುವ ಅರ್ಥ ಅಡ್ಡ ಬರುವುದೆಂಬ ಆಕ್ಷೇಪ ಬರಬಹುದು. ಕಾರಿನ ಮಾತು ನಡೆಯುವಾಗ ಹಾಗೆ ಯಾರೂ ತಪ್ಪು ತಿಳಿಯಲಾರರು.

ಗಾಳಿಯ ವಿಷಯದಲ್ಲಿಯೂ ಇದೇ ಸೂಕ್ಷ್ಮವಿದೆ. ‘ಗಾಳಿಗೆ ಒಣಗಿಸು’ ಎಂದರೆ ಬಿಟ್ಟು ಕಾಯುವುದು. ‘ಗಾಳಿ ಹೊಡೆ’ ಎಂದರೆ ಗ್ಯಾರೇಜಿನವರು ಕಂಪ್ರೆಸರಿನ ಕೊಳವೆ ಹಿಡಿದು ಕನ್ನಡಿಯ ಸಂದಿನಿಂದ, ಬಾಗಿಲ ಹಿಡಿಕೆಯ ಹಿಂದಿನಿಂದ, ನಂಬರ್ ಪ್ಲೇಟಿನ ಅಡಿಯಿಂದ ನೀರನ್ನು ಹೊರಗೆ ಚಿಮ್ಮಿಸುವುದು. ಎರಡರಲ್ಲೂ ಗಾಳಿಯಿದೆ, ಆದರೆ ಮೊದಲನೆಯದು ಕಲೆಯನ್ನು ಉಳಿಸುತ್ತದೆ, ಎರಡನೆಯದು ತಪ್ಪಿಸುತ್ತದೆ. ಈ ಸಂದಿನ ನೀರು ಎಲ್ಲವೂ ಮುಗಿದ ಮೇಲೆ ತೊಟ್ಟಿಕ್ಕಿ ಬಾಗಿಲ ಮೇಲೆ ಉದ್ದನೆಯ ಬಿಳಿಗೆರೆಯನ್ನು ಬಿಡುವುದರಿಂದ, ಅದನ್ನು ಹೊಡೆದು ತೆಗೆದ ಮೇಲೆಯೇ ಬಟ್ಟೆ ಹಿಡಿಯುವುದು ಕ್ರಮ.

ಇನ್ನು ನಾಮಪದದ ಪ್ರಶ್ನೆ. ಉಳಿದ ಆ ಬಿಳಿಯ ಚುಕ್ಕೆಗೆ ‘ನೀರಿನ ಕಲೆ’ ಎಂದು ಬರೆದಿದ್ದೆ. ಅರಿಸಿನದ ಕಲೆ, ಎಣ್ಣೆಯ ಕಲೆ, ಕಬ್ಬಿಣದ ಕಲೆ ಎನ್ನುವಾಗ ಆರನೆಯ ವಿಭಕ್ತಿಯಲ್ಲಿರುವ ವಸ್ತುವೇ ಅಲ್ಲಿ ಅಂಟಿಕೊಂಡಿರುತ್ತದೆ. ನೀರು ಹಾಗಲ್ಲ, ಅದು ಹೊರಟುಹೋಗಿದೆ. ಅಂಟಿಕೊಂಡಿರುವುದು ನೀರಿನಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು. ಮುಖ್ಯವಾಗಿ, ಕರಗಿದ್ದ ಬೈಕಾರ್ಬನೇಟು ನೀರು ಆರುವಾಗ ಕರಗದ ಕಾರ್ಬನೇಟಾಗಿ, ಅಂದರೆ ಸುಣ್ಣದ ಕಲ್ಲಿನ ಪುಡಿಯಾಗಿ, ಕೂರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ 2012ರಲ್ಲಿ ಪರಿಷ್ಕರಿಸಿದ ಮಾನಕದಲ್ಲಿ ಗಡಸುತನ, ಅಂದರೆ ಈ ಲವಣಗಳ ಪ್ರಮಾಣ, ಲೀಟರಿಗೆ 200 ಮಿಲಿಗ್ರಾಂ ಮೀರಬಾರದೆಂದೂ, ಬೇರೆ ನೀರೇ ಇಲ್ಲದ ಕಡೆ 600ರವರೆಗೆ ಇರಬಹುದೆಂದೂ ಹೇಳಿದೆ. ಆ 600ರ ನೀರು ಕಾರಿನ ಮೇಲೆ ಒಂದು ಸಣ್ಣ ಲೋಟದಷ್ಟು, ಅಂದರೆ 100 ಮಿಲಿಲೀಟರ್, ನಿಂತು ಆರಿದರೂ 60 ಮಿಲಿಗ್ರಾಮಿನಷ್ಟು ಸುಣ್ಣ ಸಣ್ಣ ಸಣ್ಣ ಚುಕ್ಕೆಗಳಾಗಿ ಹರಡಿಕೊಳ್ಳುತ್ತದೆ. ಕಪ್ಪು ಕಾರಿನ ಮೇಲೆ ಕಣ್ಣಿಗೆ ಹೊಡೆಯಲು ಅಷ್ಟು ಬೇಕಾದಷ್ಟಾಯಿತು.

ಹೀಗಿರುವಾಗ ‘ಉಪ್ಪಿನ ಕಲೆ’ ಎನ್ನುವುದು ಹೆಚ್ಚು ಸತ್ಯವಲ್ಲವೆ? ನಾಲಿಗೆಗೆ ಉಪ್ಪಾಗದಿದ್ದರೂ ಗಡಸಾದ ಕೊಳವೆಬಾವಿ ನೀರನ್ನು ನಮ್ಮ ಕಡೆ ‘ಉಪ್ಪುನೀರು’ ಎಂದೇ ಕರೆಯುತ್ತಾರೆ. ಬೆಂಗಳೂರಿನಲ್ಲಿ ಬಾಡಿಗೆಗೆ ಮನೆ ನೋಡುವವರು ‘ಕಾವೇರಿ ನೀರೋ, ಉಪ್ಪುನೀರೋ’ ಎಂದು ಕೇಳುವುದು ವಾಡಿಕೆ. 2024ರ ಮಾರ್ಚಿನಲ್ಲಿ ನೀರಿನ ಅಭಾವ ತಲೆದೋರಿದಾಗ, ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5000 ರೂಪಾಯಿ ದಂಡ ಗೊತ್ತುಮಾಡಿತು. ಆ ದಿನಗಳಲ್ಲಿ ನನ್ನ ಪರಿಚಯದವರೊಬ್ಬರು ಆರ್‌ಒ ಯಂತ್ರ ಹೊರಬಿಡುವ ನೀರನ್ನು ಕೂಡಿಟ್ಟು ಕಾರು ತೊಳೆದರು. ನೀರನ್ನು ಪೋಲು ಮಾಡದ ಅವರ ಕಾಳಜಿ ದೊಡ್ಡದು, ಆದರೆ ಯಂತ್ರ ಬೇರ್ಪಡಿಸಿದ ಲವಣವೆಲ್ಲ ಸೇರಿರುವುದು ಆ ನೀರಿನಲ್ಲಿಯೇ. ಕಾರಿನ ಮೇಲೆ ಚುಕ್ಕೆಗಳು ಮೊದಲಿಗಿಂತ ದಟ್ಟವಾದವು. ಅಂಥ ನೀರಿನಲ್ಲಿ ತೊಳೆದರೂ ಕೊನೆಯ ಒಂದು ಬಕೆಟ್ಟು ಮಳೆನೀರಾದರೆ ತೊಂದರೆ ಬಹಳಷ್ಟು ಕಡಿಮೆಯಾಗುತ್ತದೆ. ಪಠ್ಯಪುಸ್ತಕಗಳ ‘ಗಡಸು ನೀರು’, ‘ಮೆದು ನೀರು’ ಒಳ್ಳೆಯ ಪದಗಳೇ. ಆದರೂ ‘ಗಡಸುಕಲೆ’ ಎಂದರೆ ಕಲೆಯೇ ಗಡಸು ಎಂದಾಗುತ್ತದೆ. ‘ನೀರುಗುರುತು’ ಎನ್ನೋಣವೆಂದರೆ ಅದು ನೋಟಿನ ಕಾಗದದೊಳಗಿನ ಗುರುತಿಗೆ ಮೀಸಲಾಗಿಬಿಟ್ಟಿದೆ.

‘ಕಲೆ’ಯ ಬದಲು ‘ಕರೆ’ ಎಂಬ ಹಳೆಯ ಪದವೂ ಇದೆ. ಬಾಳೆಕಾಯಿಯ ಸೊನೆ ತಾಗಿದಾಗ ಬಟ್ಟೆಗೆ ಹಿಡಿಯುವ ಕರೆ ಕರಾವಳಿ, ಮಲೆನಾಡುಗಳಲ್ಲಿ ಇಂದಿಗೂ ಆಡುಮಾತು. ಹಳಗನ್ನಡದಲ್ಲಿ ಇದು ಶಕಟರೇಫವಿದ್ದ, ಅಂದರೆ ಈಗ ಬಳಕೆಯಲ್ಲಿಲ್ಲದ ‘ಱ’ ಅಕ್ಷರವಿದ್ದ ‘ಕಱೆ’. ನೀರು ಮತ್ತು ಕರೆ ಸೇರಿ ‘ನೀರ್ಗರೆ’ ಎಂದಾಗಬಹುದೆಂದು ಮೊದಲು ಹಿಗ್ಗಿದೆ. ಆದರೆ ‘ಮಳೆಗರೆ’ಯಲ್ಲಿರುವ, ಹಾಲು ಕರೆಯುವುದರಲ್ಲಿರುವ ‘ಕಱೆ’ಯೂ ಅದೇ ರೂಪದ್ದಾದುದರಿಂದ, ‘ನೀರ್ಗರೆ’ ಎಂದೊಡನೆ ನೀರು ಸುರಿಸು ಎಂಬ ಅರ್ಥವೇ ಮುಂದೆ ಬಂದು ನಿಲ್ಲುತ್ತದೆ. ಅದನ್ನು ಕೈಬಿಟ್ಟೆ.

ಕಲೆಯ ಆಕಾರಕ್ಕೂ ಒಂದು ಮಾತು ಬೇಕು. ಹನಿ ಆರುವಾಗ ಅದರ ಅಂಚು ಇದ್ದಲ್ಲೇ ಕಚ್ಚಿ ನಿಂತು, ಅಲ್ಲಿ ನೀರು ಬೇಗ ಆವಿಯಾಗುವುದರಿಂದ ನಡುವಿನ ನೀರು ಅಂಚಿನತ್ತ ಹರಿದು, ಹೊತ್ತು ತಂದುದನ್ನು ಅಲ್ಲಿಯೇ ಇಳಿಸುತ್ತದೆ. ಚೆಲ್ಲಿದ ಕಾಫಿ ಒಣಗಿದಾಗ ಉಂಗುರವಾಗುವುದಕ್ಕೂ ಇದೇ ಕಾರಣವೆಂದು 1997ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ವಿವರಿಸಿದರು. ಮೇಣ ಹಚ್ಚಿದ ಕಾರಿನ ಮೇಲೆ ನೀರು ಕೆಸುವಿನ ಎಲೆಯ ಮೇಲಿನಂತೆ ಮಣಿಮಣಿಯಾಗಿ ನಿಲ್ಲುವುದರಿಂದ, ಕಲೆಗಳೂ ಬಿಡಿಬಿಡಿಯಾದ ಸಣ್ಣ ಉಂಗುರಗಳಾಗುತ್ತವೆ. ‘ಚುಕ್ಕೆ’, ‘ಬೊಟ್ಟು’ ಎಂಬುವು ಇದನ್ನು ಪೂರ್ತಿ ಹೇಳವು. ‘ಮಚ್ಚೆ’ ಮೈಚರ್ಮದ್ದು. ‘ಹನಿಗಲೆ’ ಎಂದರೆ ಹೇಗೆ? ಹನಿ ನಿಂತಲ್ಲಿ ಆದ ಕಲೆ ಎಂದು ಅದು ಸ್ಥಳವನ್ನೂ ಆಕಾರವನ್ನೂ ಹೇಳುತ್ತದೆ, ಕಲೆ ನೀರಿನದೇ ಎಂಬ ಸುಳ್ಳನ್ನು ಹೇಳುವುದಿಲ್ಲ. ಕ ಗ ಆಗಿರುವುದು ಬೆಟ್ಟದಾವರೆ, ಮಳೆಗಾಲಗಳ ಆದೇಶಸಂಧಿಯ ಹಾದಿಯಲ್ಲಿಯೇ ಇದೆ. ಸದ್ಯಕ್ಕೆ ನನ್ನ ಒಲವು ಇದರತ್ತ.

ಈ ಹುಡುಕಾಟದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಕಲೆಯ ಜೊತೆ ಬರುವ ಕ್ರಿಯಾಪದಗಳು. ಈ ಕೆಲಸದಲ್ಲಿ ಕಲೆಗಳು ಎರಡು ಬಗೆ: ಲೇಪದ ಮೇಲೆ ಕೇವಲ ಪುಡಿಯಾಗಿ ನಿಂತವು ಒಂದು, ಬಿಸಿಯಾದ ತಗಡಿನ ಮೇಲೆ ಬಹುಕಾಲ ಉಳಿದು ಲೇಪವನ್ನೇ ಕೊರೆದವು ಇನ್ನೊಂದು. ಮೊದಲನೆಯದು ವಿನಿಗರಿಗೆ ಅಷ್ಟೇ ನೀರು ಬೆರೆಸಿ ಬಟ್ಟೆಯಲ್ಲಿ ತೇವ ಮಾಡಿ, ಆಮೇಲೆ ತೊಳೆದರೆ ಬಿಡುತ್ತದೆ, ಏಕೆಂದರೆ ಸುಣ್ಣ ಹುಳಿಗೆ ಕರಗುತ್ತದೆ. ನೀರಿನಲ್ಲಿ ಸಿಲಿಕಾ ಇದ್ದರೆ ಆ ಭಾಗ ಹುಳಿಗೆ ಜಗ್ಗುವುದಿಲ್ಲ. ಎರಡನೆಯದಕ್ಕೆ ಪಾಲಿಷ್ ಹಾಕಿಸಿ ಲೇಪವನ್ನೇ ತುಸು ಸವೆಸದೆ ಬೇರೆ ದಾರಿಯಿಲ್ಲ. ಈ ಎರಡಕ್ಕೆ ಹೊಸ ಪರಿಭಾಷೆಯನ್ನು ಕಟ್ಟಲು ಹೊರಟಿದ್ದ ನನಗೆ, ಅಂಗಡಿಯಲ್ಲಿ ನಿಂತು ಕೇಳಿದಾಗ, ‘ಕಲೆ ಕೂತಿದೆ’, ‘ಕಲೆ ಕಚ್ಚಿದೆ’ ಎಂಬ ಎರಡು ಮಾತುಗಳು ಸಿದ್ಧವಾಗಿಯೇ ದೊರೆತವು. ಕೂತದ್ದು ಏಳುತ್ತದೆ, ಕಚ್ಚಿದ್ದು ಸುಲಭಕ್ಕೆ ಬಿಡದು. ಪುಟದಲ್ಲಿ ಇವನ್ನೇ ಬರೆದಿದ್ದೇನೆ.

ತಿದ್ದಿದ ಕೊನೆಯ ಸಾಲುಗಳು ಈಗ ಹೀಗಿವೆ: ‘ಕಾರನ್ನು ನೆರಳಿನಲ್ಲಿ ತೊಳೆಯಬೇಕು. ತೊಳೆದ ಕಾರು ಬಿಸಿಲಿಗೋ ಗಾಳಿಗೋ ತಾನಾಗಿ ಒಣಗಲು ಬಿಡಬಾರದು. ಮೊದಲು ಸಂದುಗಳಿಗೆ ಗಾಳಿ ಹೊಡೆದು, ಬಳಿಕ ಕಾರಿನ ಚಾವಣಿಯಿಂದ ಆರಂಭಿಸಿ ಕೆಳಮುಖವಾಗಿ ಶುಭ್ರವಾದ ಬಟ್ಟೆ ಹಾಸಿ ನೀರೆತ್ತಬೇಕು, ಉಜ್ಜಬಾರದು. ಹನಿಗಲೆ ಕೂತಿದ್ದರೆ ಅಂದೇ ತೆಗೆಯಬೇಕು, ಕಚ್ಚಲು ಬಿಡಬಾರದು.’

ಬಲ್ಲವರಲ್ಲಿ ನನ್ನ ಕೋರಿಕೆ ಇಷ್ಟು. ಬಟ್ಟೆ ಹಾಸಿ ನೀರು ತೆಗೆಯುವ ಈ ಕ್ರಿಯೆಗೆ ನಿಮ್ಮ ಸೀಮೆಯಲ್ಲಿ ಒಂದೇ ಪದದ ಹೆಸರು ಉಂಟೆ? ಧಾರವಾಡ, ಬೆಳಗಾವಿಗಳ ಕಡೆಯವರು ಅರಿವೆಯಿಂದ ‘ಒರಸು’ವುದಕ್ಕೂ ಹೀಗೆ ಎತ್ತುವುದಕ್ಕೂ ಬೇರೆ ಮಾತು ಬಳಸುತ್ತಾರೆಯೆ? ಒದ್ದೆಗೆ ‘ಚಂಡಿ’ ಎನ್ನುವ ಕರಾವಳಿಯವರು ಚಂಡಿ ಹೋಗಲಾಡಿಸುವುದಕ್ಕೆ ಏನೆನ್ನುತ್ತಾರೆ? ಸವಳು ನೀರಿನ ಊರುಗಳಲ್ಲಿ ಹಂಡೆಯ ಒಳಗೂ ನಲ್ಲಿಯ ಬಾಯಿಗೂ ಕಟ್ಟುವ ಬಿಳಿಯ ಪೊರೆಗೆ ಮನೆಯ ಹೆಂಗಸರು ಇಟ್ಟಿರುವ ಹೆಸರೇನು, ಅದನ್ನೇ ಗಾಜಿಗೂ ಕಾರಿಗೂ ವಿಸ್ತರಿಸುತ್ತಾರೆಯೆ? ‘ಹನಿಗಲೆ’ಯನ್ನು ಓದಿದೊಡನೆ ನಿಮಗೆ ತೋರಿದ ಅರ್ಥವನ್ನೂ ದಯವಿಟ್ಟು ಬರೆಯಿರಿ. ಉತ್ತರಗಳು ಬಂದ ಮೇಲೆ ಪುಟವನ್ನು ಅಚ್ಚಿಗೆ ಕೊಡುತ್ತೇನೆ.